ಮಣಿಯದ ವಾದ್ಯವನ್ನು ಮಣಿಸುವ ವಿದ್ಯೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ, ಅದರಲ್ಲಿಯೂ ವಿಶೇಷವಾಗಿ ಇಬ್ಬರು ಮೂವರಿಂದ ಹಿಡಿದು ಇಪ್ಪತ್ತು ಇಪ್ಪತ್ತೈದು ಮಂದಿಯವರೆಗೆ ವಾದಕರು ಕೂಡಿ ನುಡಿಸುವ ಚೇಂಬರ್ ಸಂಗೀತದಲ್ಲಿ, ರಚನಕಾರರು ವಾದ್ಯಗಳ ಶ್ರುತಿಯನ್ನು ಬೇಕೆಂದೇ ಬದಲಿಸುವುದೂ, ಹಿಂದೆ ಒಂದೇ ಪಂಕ್ತಿಯಲ್ಲಿ ಕೂರದಿದ್ದ ವಾದ್ಯಗಳನ್ನು ತಂದು ಒಂದೆಡೆ ಕೂರಿಸುವುದೂ ಕಳೆದ ನೂರು ವರ್ಷಗಳಿಂದೀಚೆಗೆ ಬಹುಮಟ್ಟಿಗೆ ವಾಡಿಕೆಯೇ ಆಗಿಬಿಟ್ಟಿದೆ. ಇದನ್ನು ಕುರಿತು ನಮ್ಮ ರಸಿಕರಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುವುದುಂಟು. ಅಪಸ್ವರಕ್ಕೆ ಶಾಸ್ತ್ರದ ಶಾಲು ಹೊದಿಸುವ ಹಟಮಾರಿಗಳ ಉದ್ಯೋಗವಿದು ಎಂಬುದು ಒಂದು. ಇದರಲ್ಲಿ ಹೊಸತೇನಿದೆ, ಇಪ್ಪತ್ತೆರಡು ಶ್ರುತಿಗಳನ್ನು ನಮ್ಮ ಹಿರಿಯರು ಎಂದೋ ಕಂಡುಕೊಂಡಿದ್ದರಲ್ಲ ಎಂಬುದು ಮತ್ತೊಂದು. ಈ ಎರಡು ಅಭಿಪ್ರಾಯಗಳ ಮುಖ್ಯ ಆಕರ್ಷಣೆ, ಕೂತು ಕೇಳುವ ಶ್ರಮದಿಂದ ಅವು ನಮ್ಮನ್ನು ಪಾರುಮಾಡುತ್ತವೆಂಬುದೇ ಇರಬೇಕೆಂದು ನನ್ನ ಗುಮಾನಿ. ಶ್ರುತಿಭೇದದ ಪ್ರಶ್ನೆಯನ್ನು ಗಣಿತದ ಪ್ರಶ್ನೆಯೆಂದಾಗಲಿ, ಪರಂಪರೆಯ ಪ್ರಶ್ನೆಯೆಂದಾಗಲಿ ಎಣಿಸದೆ, ಹಲವರು ಕೂಡಿ ನುಡಿಸುವಾಗ ಯಾರು ಯಾರಿಗೆ ಮಣಿಯತಕ್ಕದ್ದು ಎಂಬ ವ್ಯವಹಾರದ ಪ್ರಶ್ನೆಯೆಂದು ನೋಡಿದಲ್ಲಿ ವಿಷಯವು ಎಷ್ಟೋ ತಿಳಿಯಾಗುತ್ತದೆಂಬುದು ನನ್ನ ಮತ.

ತಂಬೂರಿಯ ಮಂದ್ರಷಡ್ಜದ ತಂತಿಯನ್ನು ಜೀವಾಳವನ್ನು ಸರಿಯಾದ ಎಡೆಯಲ್ಲಿ ನಿಲ್ಲಿಸಿ ಮೀಟಿದಾಗ, ಯಾರೂ ಮೀಟದ ಗಾಂಧಾರವೊಂದು ಆ ನಾದದೊಳಗಿಂದ ತಾನಾಗಿ ಮೂಡಿಬರುವುದನ್ನು ಸಂಗೀತದ ಪರಿಚಯವುಳ್ಳವರೆಲ್ಲ ಬಲ್ಲರು. ಷಡ್ಜದ ಕಂಪನಸಂಖ್ಯೆಗೆ ಐದರಷ್ಟು ಕಂಪನವುಳ್ಳ ಉಪಸ್ವರ ಅದು; ಸ್ವಯಂಭೂ ಗಾಂಧಾರವೆಂದು ಕರೆಯಿಸಿಕೊಳ್ಳುವುದೂ ಅದೇ. ಪಿಯಾನೊದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಭಾಗ ಮಾಡಿ, ಒಂದೊಂದು ಭಾಗಕ್ಕೂ ನೂರು ಸೆಂಟ್ ಎಂದು ಲೆಕ್ಕವಿಟ್ಟಿರುವುದರಿಂದ, ಅಲ್ಲಿನ ಗಾಂಧಾರವು ಸ್ವಯಂಭೂ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಕ್ಕೆ ನಿಂತಿರುತ್ತದೆ. ಏಳನೆಯ ಉಪಸ್ವರಕ್ಕೆ ಹತ್ತಿರದ ಮನೆಯು 31 ಸೆಂಟ್ ಮೇಲಿರುತ್ತದೆ. ಹನ್ನೊಂದನೆಯ ಉಪಸ್ವರವಂತೂ ಎರಡು ಮನೆಗಳ ನಡುವೆ ಹೆಚ್ಚುಕಡಿಮೆ ಅರ್ಧದಾರಿಯಲ್ಲಿ ಬಿದ್ದು, ಪಿಯಾನೊದಲ್ಲಿ ನೆಲೆಯನ್ನೇ ಕಾಣದೆ ಹೋಗುತ್ತದೆ. ಈ ಸಮವಿಭಾಗವನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಹನ್ನೆರಡು ಶುದ್ಧ ಪಂಚಮಗಳನ್ನು ಒಂದರ ಮೇಲೊಂದರಂತೆ ಏರಿಸುತ್ತ ಹೋದರೆ ಏಳು ಸ್ಥಾಯಿಗಳನ್ನು ದಾಟಿ ಸುಮಾರು 23.5 ಸೆಂಟ್‌ನಷ್ಟು ಹೊರಗೆ ಚಾಚುವುದು ಪ್ರಕೃತಿಸಿದ್ಧವಾದ ತೊಡಕು. ಆ ಹೆಚ್ಚಳವನ್ನು ಎಲ್ಲ ಮನೆಗಳಿಗೂ ಸಮನಾಗಿ ಹಂಚಿದ್ದರಿಂದಲೇ ಯಾವ ಸ್ವರವನ್ನು ಬೇಕಾದರೂ ಆಧಾರಷಡ್ಜ ಮಾಡಿಕೊಂಡು ಸಂಚರಿಸುವ ಸ್ವಾತಂತ್ರ್ಯ ಯೂರೋಪಿನವರಿಗೆ ದೊರೆಯಿತು. ಬೆಲೆ ಕೊಟ್ಟು ಕೊಂಡ ಸ್ವಾತಂತ್ರ್ಯವದು. ಬೆಲೆಯೆಷ್ಟೆಂಬುದನ್ನು ಕಾಲಕ್ರಮದಲ್ಲಿ ಮರೆತರೆಂಬುದಷ್ಟೇ ಆಕ್ಷೇಪ.

ಎರಡು ಪಿಟೀಲು, ಒಂದು ವಿಯೋಲ, ಒಂದು ಚೆಲ್ಲೊ ಸೇರಿದ ತಂತಿವಾದ್ಯ ಚತುಷ್ಟಯದಲ್ಲಿ ಆ ಬೆಲೆಯನ್ನು ಯಾರೂ ತೆರಬೇಕಾಗಿಲ್ಲ, ಏಕೆಂದರೆ ಆ ವಾದ್ಯಗಳಲ್ಲಿ ಮೆಟ್ಟಿಲುಗಳಿಲ್ಲ. ಒಬ್ಬನ ಷಡ್ಜವನ್ನು ಕೇಳಿ ಇನ್ನೊಬ್ಬನ ಬೆರಳು ಗಾಂಧಾರದಲ್ಲಿ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ. ಅವರ ನಡುವೆ ಪಿಯಾನೊ ಬಂದು ಕೂತಿತೋ, ಪಟೇಲ ಬಂದು ಕೂತ ಪಂಚಾಯಿತಿಯಂತೆ ಎಲ್ಲರ ಮಾತಿನ ಧಾಟಿಯೂ ಬದಲಾಗಿ, ತಂತಿವಾದ್ಯದವರೆಲ್ಲ ಅದಕ್ಕೆ ಹೊಂದಿಕೊಂಡು ಬೆರಳಿಡತೊಡಗುತ್ತಾರೆ. ಅದು ಮಾತ್ರ ಯಾರಿಗೂ ಹೊಂದಿಕೊಳ್ಳುವುದಿಲ್ಲ, ಹೊಂದಿಕೊಳ್ಳುವ ಉಪಾಯವೂ ಅದರ ಬಳಿಯಲ್ಲಿಲ್ಲ. ಹಂಗೇರಿಯನ್ ಮೂಲದ ರಚನಕಾರ ಗ್ಯೊರ್ಗಿ ಲಿಗೆಟಿ 1982ರಲ್ಲಿ ಹಾರ್ನ್, ಪಿಟೀಲು, ಪಿಯಾನೊಗಳಿಗೆಂದು ಬರೆದ ತ್ರಯದಲ್ಲಿ ಹಾರ್ನ್ ವಾದಕನಿಗೆ ಅನೇಕ ಕಡೆ ಕೊಳವೆಯ ನೈಸರ್ಗಿಕ ಉಪಸ್ವರಗಳನ್ನೇ, ತಿದ್ದದೆ, ಹಾಗೆಯೇ ಊದಲು ವಿಧಿಸಿ ಪಿಯಾನೊದ ಪಕ್ಕದಲ್ಲಿ ನಿಲ್ಲಿಸಿದ್ದು ಈ ಅಧಿಕಾರವನ್ನು ಎದುರಿಸುವ ಒಂದು ಕ್ರಮ. ಅಲ್ಲಿ ಇಬ್ಬರೂ ಮಣಿಯುವುದಿಲ್ಲ. ಆ ಇಬ್ಬರ ನಡುವೆ ಸಿಕ್ಕ ಪಿಟೀಲಿನ ಪಾಡು ಕೇಳತಕ್ಕದ್ದು.

ಶ್ರುತಿಯನ್ನು ಬದಲಿಸುವುದು ಇಪ್ಪತ್ತನೆಯ ಶತಮಾನದ ಚೇಷ್ಟೆಯೆಂದು ತಿಳಿದವರಿಗೆ ಹೈನ್ರಿಶ್ ಬೀಬರನ ಹೆಸರನ್ನು ನೆನಪಿಸಬೇಕು. ಸಾಲ್ಜ್‌ಬರ್ಗಿನ ಆರ್ಚ್‌ಬಿಷಪ್ಪನ ಆಸ್ಥಾನದಲ್ಲಿದ್ದ ಈತ 1676ರ ಆಸುಪಾಸಿನಲ್ಲಿ ಮೇರಿಯಮ್ಮನ ಜಪಮಾಲೆಯ ರಹಸ್ಯಗಳನ್ನು ಕುರಿತು ಪಿಟೀಲು ಮತ್ತು ಪಕ್ಕವಾದ್ಯಗಳಿಗಾಗಿ ಹದಿನೈದು ಸೊನಾಟಗಳನ್ನು ರಚಿಸಿ, ಕಡೆಗೆ ಏಕಾಂಗಿ ಪಿಟೀಲಿಗೆ ಪಾಸಕಾಲಿಯ ಎಂಬ ಬಗೆಯ ರಚನೆಯೊಂದನ್ನು ಸೇರಿಸಿದನು. ಮೊದಲನೆಯದು ಮತ್ತು ಕೊನೆಯದು ಮಾತ್ರ ಎಂದಿನ ಶ್ರುತಿಯಲ್ಲಿದ್ದು, ನಡುವಿನ ಹದಿನಾಲ್ಕಕ್ಕೂ ಪಿಟೀಲಿನ ತಂತಿಗಳನ್ನು ಬೇರೆಬೇರೆಯಾಗಿ ಬಿಗಿಯಬೇಕು, ಇಲ್ಲವೆ ಸಡಿಲಿಸಬೇಕು. ವಿಚಿತ್ರವೆಂದರೆ, ಬರೆದ ಸ್ವರಲಿಪಿಯು ಕಿವಿಗೆ ಬೀಳತಕ್ಕ ಸ್ವರವನ್ನು ಸೂಚಿಸುವುದಿಲ್ಲ. ತಂತಿಗಳು ಎಂದಿನಂತೆಯೇ ಇವೆಯೆಂಬ ಭ್ರಮೆಯಲ್ಲಿ ಬೆರಳನ್ನು ಎಲ್ಲಿಡಬೇಕೆಂಬುದನ್ನು ಮಾತ್ರ ಸೂಚಿಸುತ್ತದೆ. ಹೀಗಾಗಿ ವಾದಕನ ಕಣ್ಣು ಒಂದನ್ನು ಓದುತ್ತಿರುವಾಗ ಕಿವಿ ಮತ್ತೊಂದನ್ನು ಕೇಳುತ್ತಿರುತ್ತದೆ. ಬಾಲ್ಯದಿಂದ ಅಭ್ಯಾಸಬಲದಿಂದ ಒಂದಾಗಿದ್ದ ಕಣ್ಣು, ಕೈ, ಕಿವಿಗಳನ್ನು ಬೀಬರ್ ಬಿಡಿಸಿ ಬೇರೆಬೇರೆ ಮಾಡುತ್ತಾನೆ.

ಕ್ರಿಸ್ತನ ಪುನರುತ್ಥಾನವನ್ನು ಕುರಿತ ಹನ್ನೊಂದನೆಯ ಸೊನಾಟದಲ್ಲಿ ಆತನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಡುವಿನ ಎರಡು ತಂತಿಗಳನ್ನು ಒಂದರ ಮೇಲೊಂದು ಹಾಯಿಸಿ ಅದಲುಬದಲು ಮಾಡಿಸುತ್ತಾನೆ. ಕುದುರೆಯ ಹಿಂದೆ ತಂತಿಗಳು ಶಿಲುಬೆಯಾಗಿ ಕಾಣುತ್ತವೆ. ಹಾಗೆ ಅದಲುಬದಲಾದ ತಂತಿಗಳ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ ನೋಡಿದರೆ ದೊರೆಯುವುದು ಷಡ್ಜ, ಪಂಚಮ, ಷಡ್ಜ, ಪಂಚಮ—ಅಂದರೆ ಇಂದು ನಮ್ಮ ಕರ್ನಾಟಕ ಸಂಗೀತದ ಪಿಟೀಲಿಗೆ ಕೂಡಿಸುವ ಶ್ರುತಿಯೇ! ಇದು ಕೇವಲ ಕಾಕತಾಳೀಯ. ಬೀಬರನಿಗೂ, ಅವನು ತೀರಿಕೊಂಡ ಎಂಬತ್ತು ವರ್ಷಗಳ ತರುವಾಯ ಹುಟ್ಟಿ ನಮ್ಮವರ ಕೈಗೆ ಪಿಟೀಲನ್ನು ಕೊಟ್ಟ ಬಾಲಸ್ವಾಮಿ ದೀಕ್ಷಿತರಿಗೂ ಯಾವ ಸಂಬಂಧವೂ ಇಲ್ಲ. ಆದರೂ ಒಂದು ವಿಷಯ ಗಮನಾರ್ಹ. ಎಲ್ಲ ತಂತಿಗಳ ನಡುವೆಯೂ ಪಂಚಮದ ಅಂತರವಿಟ್ಟು ಶ್ರುತಿಗೂಡಿಸುವ ಯೂರೋಪಿನ ಕ್ರಮವನ್ನು ನಮ್ಮವರು ಬಿಟ್ಟದ್ದು ಹಾಡುವವರ ಆಧಾರಷಡ್ಜಕ್ಕೆ ವಾದ್ಯವನ್ನು ಮಣಿಸುವ ಸಲುವಾಗಿ. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ಬಳಕೆಗೆ ತಂದದ್ದು ಕೂಡ, ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ಕೇಳಬೇಕೆಂಬ ಅವಶ್ಯಕತೆಯಿಂದ. ವಾದ್ಯದ ಸ್ವರೂಪವು ಬ್ರಹ್ಮಲಿಖಿತವೆಂದು ನಮ್ಮ ವಿದ್ವಾಂಸರು ಎಂದೂ ಭಾವಿಸಿದಂತಿಲ್ಲ.

ಬೀಬರನ ಬಳಿಕವೂ ಈ ಪದ್ಧತಿ ಪೂರ್ಣವಾಗಿ ನಿಂತುಹೋಗಲಿಲ್ಲ. ಶೂಮನ್ 1842ರಲ್ಲಿ ಬರೆದ ಪಿಯಾನೊ ಚತುಷ್ಟಯದ ನಿಧಾನಗತಿಯ ಭಾಗದಲ್ಲಿ ಚೆಲ್ಲೊದವನು ನಡುವೆಯೇ ತನ್ನ ಕೆಳತಂತಿಯನ್ನು ಇಳಿಸಿಕೊಂಡು, ಕೊನೆಯಲ್ಲಿ ಆ ಒಂದು ಮಂದ್ರಸ್ವರವನ್ನು ಹಿಡಿದು ನಿಲ್ಲಬೇಕು. ಬಾರ್ತೊಕ್ 1938ರಲ್ಲಿ ರಚಿಸಿದ 'ಕಾಂಟ್ರಾಸ್ಟ್ಸ್' ಎಂಬ ತ್ರಯದ ಕಡೆಯ ಭಾಗವು ಮೇಲಿನ ತಂತಿಯನ್ನು ಇಳಿಸಿ ಕೆಳಗಿನದನ್ನು ಏರಿಸಿದ ಪಿಟೀಲಿನಿಂದ, ಹಳ್ಳಿಯ ಜಾತ್ರೆಯ ವಾದಕನೊಬ್ಬನ ಒರಟುತನದಿಂದ ಆರಂಭವಾಗುತ್ತದೆ. ಸ್ವಲ್ಪ ಹೊತ್ತಾದ ಮೇಲೆ ವಾದಕನು ಅದನ್ನು ಕೆಳಗಿಟ್ಟು, ಎಂದಿನ ಶ್ರುತಿಯ ಇನ್ನೊಂದು ಪಿಟೀಲನ್ನು ಎತ್ತಿಕೊಳ್ಳುತ್ತಾನೆ. ಇವು ಸೊಗಸಾದ ಪ್ರಯೋಗಗಳೇ ಆದರೂ ಅಲಂಕಾರದ ಮಟ್ಟವನ್ನು ಮೀರಿದವಲ್ಲ.

ವಾದ್ಯಗಳ ಆಯ್ಕೆಯ ಕತೆಯೂ ಸ್ವಾರಸ್ಯವಾದದ್ದು. ಶೋನ್‌ಬರ್ಗ್ 1912ರಲ್ಲಿ ಬರ್ಲಿನ್ನಿನಲ್ಲಿ ಪ್ರದರ್ಶಿಸಿದ 'ಪಿಯೆರೊ ಲೂನೇರ್' ಕೃತಿಯಲ್ಲಿ, ಹಾಡೂ ಅಲ್ಲದ ಮಾತೂ ಅಲ್ಲದ ಒಂದು ಕಂಠದ ಜೊತೆಗೆ ಕೊಳಲು, ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊಗಳ ಐವರನ್ನು ಮಾತ್ರ ಕೂರಿಸಿದ್ದನು. ಅವರಲ್ಲಿ ಕೆಲವರು ವಾದ್ಯ ಬದಲಿಸಿಕೊಳ್ಳುವುದರಿಂದ ಐವರ ಕೈಯಲ್ಲಿ ಎಂಟು ವಾದ್ಯಗಳು ಆಡುತ್ತವೆ. ಅಂದು ಅದು ಹುಚ್ಚುಕೂಟವೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಕೂಟವೇ ಮುಂದಿನ ಪೀಳಿಗೆಗಳಿಗೆ ಎಷ್ಟು ಹಿತವಾಯಿತೆಂದರೆ, ಪಿಯೆರೊ ಮೇಳವೆಂದೇ ಅದಕ್ಕೊಂದು ಹೆಸರಾಗಿ, ಅದಕ್ಕೆಂದೇ ಕೃತಿಗಳು ಹುಟ್ಟಿ, ಅದನ್ನೇ ಆಧಾರವಾಗಿಟ್ಟುಕೊಂಡ ವಾದ್ಯಗೋಷ್ಠಿಗಳೂ ಸ್ಥಾಪಿತವಾದವು. ಮೆಸಿಯಾನ್ 1941ರ ಜನವರಿಯಲ್ಲಿ ಗೊರ್ಲಿಟ್ಸ್‌ನ ಯುದ್ಧಕೈದಿಗಳ ಶಿಬಿರದಲ್ಲಿ ನುಡಿಸಿದ ಚತುಷ್ಟಯಕ್ಕೆ ಕ್ಲಾರಿನೆಟ್, ಪಿಟೀಲು, ಚೆಲ್ಲೊ, ಪಿಯಾನೊಗಳನ್ನು ಆರಿಸಿಕೊಂಡದ್ದು ಸೌಂದರ್ಯಮೀಮಾಂಸೆಯಿಂದಲ್ಲ. ಜೊತೆಯ ಕೈದಿಗಳಲ್ಲಿ ನುಡಿಸಬಲ್ಲವರು ಅವರೇ ಇದ್ದರು. ಈಚಿನ ದಿನಗಳಲ್ಲಿ ಗಾಜಿನ ಲೋಟ, ಕಾರಿನ ಸ್ಪ್ರಿಂಗು, ಹೂಕುಂಡಗಳನ್ನು ಪಟ್ಟಿ ಮಾಡಿ ಮೊದಲ ಪುಟದಲ್ಲಿ ಅಚ್ಚುಮಾಡಿಸುವ ರಚನಕಾರರನ್ನು ಕಂಡಾಗ, ಈ ಪಟ್ಟಿಯು ಯಾವ ಕೈದಿನಿಂದ ಹುಟ್ಟಿತು ಎಂದು ಕೇಳುವ ಚಪಲ ನನಗೆ ಹುಟ್ಟುತ್ತದೆ. ಜಾರ್ಜ್ ಕ್ರಂಬ್ 1970ರಲ್ಲಿ ವಿಯೆಟ್ನಾಂ ಯುದ್ಧದ ಉರಿಯಲ್ಲಿ ಬರೆದ 'ಬ್ಲ್ಯಾಕ್ ಏಂಜೆಲ್ಸ್'ನಲ್ಲಿ ತಂತಿವಾದ್ಯ ಚತುಷ್ಟಯದವರು ನೀರು ತುಂಬಿದ ಗಾಜಿನ ಬಟ್ಟಲುಗಳನ್ನು ಕಮಾನಿನಿಂದ ಉಜ್ಜುವಾಗ ಆ ಪ್ರಶ್ನೆ ಏಳುವುದಿಲ್ಲ. ಅವನನ್ನು ಅನುಕರಿಸಿದ ಎಷ್ಟೋ ಕೃತಿಗಳಲ್ಲಿ ಏಳುತ್ತದೆ.

ಫ್ರಾನ್ಸಿನ ಜೆರಾರ್ ಗ್ರಿಸೆ 1994ರಿಂದ 1996ರವರೆಗೆ ರಚಿಸಿದ 'ವೋರ್ಟೆಕ್ಸ್ ಟೆಂಪೋರಮ್' ಎಂಬ ಕೃತಿಯಲ್ಲಿ ಇರುವುದು ಕೊಳಲು, ಕ್ಲಾರಿನೆಟ್, ಪಿಟೀಲು, ವಿಯೋಲ, ಚೆಲ್ಲೊ, ಪಿಯಾನೊ. ಅಂದರೆ, ಆ ಹೊತ್ತಿಗೆ ಎಲ್ಲರಿಗೂ ಪಳಗಿಹೋಗಿದ್ದ ಪಿಯೆರೊ ಮೇಳಕ್ಕೆ ಒಂದು ವಿಯೋಲ ಹೆಚ್ಚಿಗೆ. ವಾದ್ಯಗಳ ಪಟ್ಟಿಯನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಪಡತಕ್ಕದ್ದು ಏನೂ ಕಾಣದು. ಗ್ರಿಸೆ ಮಾಡಿದ್ದು ಒಂದೇ ಕೆಲಸ: ಪಿಯಾನೊದ ನಾಲ್ಕೇ ನಾಲ್ಕು ಸ್ವರಗಳನ್ನು ಕಾಲುಸ್ವರದಷ್ಟು ಕೆಳಗಿಳಿಸಿದನು. ಎಂಬತ್ತೆಂಟು ಮನೆಗಳ ವಾದ್ಯದಲ್ಲಿ ನಾಲ್ಕೆಂದರೆ ಅಲ್ಪವೆನಿಸಬಹುದು. ಆದರೆ ಆ ನಾಲ್ಕರಿಂದ ಪಿಯಾನೊದ ಪ್ರಭುತ್ವವೇ ಕುಸಿಯಿತು. ರವೆಲ್‌ನ 'ದಾಫ್ನಿಸ್ ಎ ಕ್ಲೊಯೆ'ಯಿಂದ ಎತ್ತಿಕೊಂಡ ಒಂದು ಸುಳಿಯಂಥ ಸ್ವರಗುಚ್ಛವನ್ನು ಕೊಳಲು ಮತ್ತು ಕ್ಲಾರಿನೆಟ್ಟುಗಳು ಸುತ್ತತೊಡಗಿದಾಗ, ಪಿಯಾನೊ ಅವುಗಳ ಜೊತೆಗೂಡುತ್ತದೆ. ಎಂದಿನ ಮನೆಗಳ ನಡುವೆ ಇಳಿದ ಮನೆಯೊಂದು ಬಂದಾಗಲೆಲ್ಲ ಆ ನಾದವು ಪಿಯಾನೊದ್ದೋ ಜಾಗಟೆಯದೋ ಎಂದು ಕಿವಿ ತಡವರಿಸುತ್ತದೆ. ಮೊದಲ ಭಾಗದ ಕೊನೆಯಲ್ಲಿ ಉಳಿದವರೆಲ್ಲ ಸುಮ್ಮನಾಗಿ ಪಿಯಾನೊ ಒಂದೇ ಭೋರ್ಗರೆಯುವ ದೀರ್ಘ ಪ್ರಸಂಗವುಂಟು. ಸಾಮಾನ್ಯವಾಗಿ ಇಂಥ ಪ್ರಸಂಗಗಳಲ್ಲಿ ವಾದ್ಯವು ತನ್ನ ಬಲವನ್ನು ಮೆರೆಯುತ್ತದೆ. ಇಲ್ಲಿ ಬಲ ಹೆಚ್ಚಿದಷ್ಟೂ ತನ್ನೊಳಗಿನ ಬಿರುಕು ಹೆಚ್ಚು ಕೇಳಿಸುತ್ತದೆ. ಎರಡನೆಯ ಭಾಗದಲ್ಲಿ ಆ ಪಿಯಾನೊ ನಿಧಾನವಾಗಿ, ಒಂದೇ ಸಮನೆ ಇಳಿಯುತ್ತ ಹೋಗುವ ಸ್ವರಮೇಳಗಳಿಂದ ಉಳಿದ ಐವರಿಗೂ ನೆಲವಾಗುತ್ತದೆ.

ಗ್ರಿಸೆಯ ಕಲ್ಪನೆಯಲ್ಲಿ ಈ ಕೃತಿಯಲ್ಲಿ ಮೂರು ಕಾಲಮಾನಗಳುಂಟು: ಮನುಷ್ಯರದೊಂದು, ತಿಮಿಂಗಿಲಗಳ ಹಿಗ್ಗಿದ ಕಾಲವೊಂದು, ಹಕ್ಕಿಗಳ ಕುಗ್ಗಿದ ಕಾಲವೊಂದು. ಇಂಥ ಮಾತನ್ನು ಕಾರ್ಯಕ್ರಮ ಪತ್ರಿಕೆಯಲ್ಲಿ ಓದಿದರೆ ನಾನು ಸಾಮಾನ್ಯವಾಗಿ ಪುಟ ತಿರುವುವವನು. ಇಲ್ಲಿ ಮಾತ್ರ ಅದಕ್ಕೆ ಆಧಾರವಿದೆ: ನಾದವನ್ನು ಹಿಗ್ಗಿಸಿ ನೋಡಿದಾಗ ಅದರೊಳಗಿನ ಉಪಸ್ವರಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ, ಮತ್ತು ಆ ಉಪಸ್ವರಗಳಿಗೆ ಸಮವಿಭಾಗದ ಮನೆಗಳಲ್ಲಿ ಸ್ಥಳವಿಲ್ಲ. ಆದುದರಿಂದ ಶ್ರುತಿಭೇದವನ್ನು ತೆಗೆದುಹಾಕಿದರೆ ಕೃತಿಯೇ ಉಳಿಯುವುದಿಲ್ಲ. ಶ್ರುತಿಯನ್ನು ಮುಟ್ಟುವ ಯಾವ ರಚನಕಾರನಿಗಾದರೂ ನಾನು ಒಡ್ಡುವ ಪರೀಕ್ಷೆ ಇದೊಂದೇ: ಎಂದಿನ ಶ್ರುತಿಯಲ್ಲಿ ನುಡಿಸಿದರೂ ನಡೆದೀತು ಎನ್ನುವಂತಿದ್ದರೆ, ಪಿಯಾನೊ ಶ್ರುತಿಗೂಡಿಸುವವನಿಗೆ ಕೊಟ್ಟ ತೊಂದರೆ ವ್ಯರ್ಥ. ಆ ತೊಂದರೆಯೂ ಸಣ್ಣದಲ್ಲ. ಬಿಗುಪು ಬದಲಾದ ತಂತಿಗಳು ಒಡನೆ ನೆಲೆಗೊಳ್ಳುವುದಿಲ್ಲ. ಕಛೇರಿಗೆ ಮುಂಚಿತವಾಗಿಯೇ ಇಳಿಸಿ, ಮತ್ತೆ ಮತ್ತೆ ನೋಡಿಕೊಳ್ಳಬೇಕು. ಅದೇ ಸಂಜೆ ಮೊಟ್ಸಾರ್ಟನನ್ನೂ ನುಡಿಸುವುದಾದರೆ ವೇದಿಕೆಗೆ ಎರಡನೆಯ ಪಿಯಾನೊ ಬರಬೇಕು.

ಅಮೆರಿಕದ ಹ್ಯಾರಿ ಪಾರ್ಚ್ ಈ ಜಗಳದ ಗೊಡವೆಯೇ ಬೇಡವೆಂದು ಬೇರೆ ಮನೆ ಹೂಡಿದವನು. ತನ್ನ ಹಳೆಯ ರಚನೆಗಳನ್ನು 1930ರಲ್ಲಿ ಒಲೆಗೆ ಹಾಕಿ ಸುಟ್ಟು, ಸ್ಥಾಯಿಯನ್ನು 43 ಸ್ವರಗಳಾಗಿ ವಿಭಾಗಿಸಿ, ಅವನ್ನು ನುಡಿಸಬಲ್ಲ ವಾದ್ಯಗಳನ್ನು ತನ್ನ ಕೈಯಿಂದಲೇ ನಿರ್ಮಿಸಿದನು. ಬರ್ಕ್ಲಿಯ ವಿಕಿರಣ ಪ್ರಯೋಗಾಲಯದ ಗಾಜಿನ ಬುರುಡೆಗಳನ್ನು ಕತ್ತರಿಸಿ ತೂಗುಹಾಕಿದ ವಾದ್ಯವೊಂದು ಅವುಗಳಲ್ಲಿ ಪ್ರಸಿದ್ಧ. ಆ ಧೈರ್ಯಕ್ಕೆ ತಲೆಬಾಗುತ್ತೇನೆ. ಆದರೆ ಅವನ ವಾದ್ಯಗಳಿದ್ದದ್ದು ಒಂದೇ ಜೊತೆ. ಅವು ಇದ್ದಲ್ಲಿಗೆ ಸಂಗೀತ ಹೋಗಬೇಕಾಗಿತ್ತೇ ಹೊರತು, ಸಂಗೀತವಿದ್ದಲ್ಲಿಗೆ ಅವು ಬರುವಂತಿರಲಿಲ್ಲ. ಕಲೋನ್ ನಗರದ ಮ್ಯೂಸಿಕ್‌ಫಾಬ್ರಿಕ್ ಗೋಷ್ಠಿಯವರು ಅವನ ವಾದ್ಯಗಳ ಪ್ರತಿಗಳನ್ನು ಮಾಡಿಸಿ 2013ರಲ್ಲಿ ರಂಗಕ್ಕೆ ತಂದಾಗಲೇ, ಅವನು ತೀರಿಕೊಂಡು ನಾಲ್ಕು ದಶಕಗಳಾಗುತ್ತ ಬಂದಿದ್ದಾಗ, ಯೂರೋಪಿಗೆ ಅವನ ಸಂಗೀತ ಸ್ವಂತ ಕಾಲ ಮೇಲೆ ನಿಂತದ್ದು.

ಅವನ ಬಳಿ ಕೆಲಕಾಲ ಇದ್ದ ಬೆನ್ ಜಾನ್‌ಸ್ಟನ್‌ಗೆ ಮರಗೆಲಸ ಬಾರದು. ಅದೊಂದು ಭಾಗ್ಯವೇ ಆಯಿತೆನ್ನಬೇಕು; ಏಕೆಂದರೆ ಅವನು ತನ್ನ ಸೂಕ್ಷ್ಮ ಶ್ರುತಿಗಳನ್ನೆಲ್ಲ ಎಲ್ಲ ಊರುಗಳಲ್ಲಿಯೂ ದೊರೆಯುವ ತಂತಿವಾದ್ಯ ಚತುಷ್ಟಯಕ್ಕೆ ಒಪ್ಪಿಸಿದನು. 'ಅಮೇಜಿಂಗ್ ಗ್ರೇಸ್' ಎಂಬ ಜನಪ್ರಿಯ ಭಜನೆಯ ಮೇಲೆ 1973ರಲ್ಲಿ ಬರೆದ ಅವನ ನಾಲ್ಕನೆಯ ಚತುಷ್ಟಯವು ಶುದ್ಧ ಪಂಚಮಗಳಿಂದ ಹುಟ್ಟುವ ಕೆಲವೇ ಸ್ವರಗಳಿಂದ ಹೊರಟು, ಒಂದೊಂದು ಆವೃತ್ತಿಗೂ ಉಪಸ್ವರಗಳನ್ನು ಕೂಡಿಸುತ್ತ, ಕೇಳುವವನನ್ನು ಕೈಹಿಡಿದು ಕಾಡಿನೊಳಗೆ ಕರೆದೊಯ್ಯುತ್ತದೆ. ಏಳನೆಯ ಚತುಷ್ಟಯದ ಒಂದೇ ಭಾಗದಲ್ಲಿ ಸಾವಿರದಿನ್ನೂರಕ್ಕೂ ಹೆಚ್ಚು ಬೇರೆಬೇರೆ ಸ್ವರಸ್ಥಾನಗಳಿವೆಯೆಂದು ಲೆಕ್ಕ ಹಾಕಿದ್ದಾರೆ. 1984ರಲ್ಲಿ ಬರೆದ ಆ ಕೃತಿಯು ನುಡಿಸುವವರಿಲ್ಲದೆ ವರ್ಷಗಟ್ಟಲೆ ಕಾಗದದಲ್ಲಿಯೇ ಇತ್ತು. ಸಂಖ್ಯೆಯನ್ನು ಮುಂದೊಡ್ಡಿ ಬೆರಗುಪಡಿಸುವವರ ಬಗ್ಗೆ ನನಗಿರುವ ಅಸಹನೆಯನ್ನು ಇಲ್ಲಿ ಸ್ವಲ್ಪ ಸಡಿಲಿಸಲೇಬೇಕು. ಅಮೆರಿಕದ ಕೆಪ್ಲರ್ ಚತುಷ್ಟಯದವರು ಜಾನ್‌ಸ್ಟನ್‌ನ ಹತ್ತೂ ಚತುಷ್ಟಯಗಳನ್ನು ದಶಕಕ್ಕೂ ಮೀರಿದ ತಪಸ್ಸಿನಿಂದ ಅಭ್ಯಾಸ ಮಾಡಿ, 2016ರಲ್ಲಿ ಧ್ವನಿಮುದ್ರಣವನ್ನು ಪೂರ್ಣಗೊಳಿಸಿದರು. ಒಬ್ಬರೊಬ್ಬರ ಸ್ವರವನ್ನು ಕೇಳಿ ತಮ್ಮದನ್ನು ಇಡುವ ನಾಲ್ವರಿಗೆ ಸಾವಿರದಿನ್ನೂರು ಸ್ವರಗಳ ಕಂಠಪಾಠ ಬೇಕಾಗಿಲ್ಲ. ಮುಂದಿನ ಒಂದು ಸ್ವರ ಮಾತ್ರ ಬೇಕು. ರಚನಕಾರನ ಜೀವಿತಕಾಲದಲ್ಲಿಯೇ, ಅವನ ತೊಂಬತ್ತನೆಯ ವಯಸ್ಸಿಗೆ ಆ ಕೆಲಸ ಮುಗಿಯಿತು.

ಆಸ್ಟ್ರಿಯದ ಗೇಯಾರ್ಗ್ ಫ್ರೀಡ್ರಿಶ್ ಹಾಸ್ 2000ದಲ್ಲಿ, ತನ್ನ ದೇಶದ ಸರ್ಕಾರದೊಳಕ್ಕೆ ಕಟ್ಟಾ ಬಲಪಂಥದ ಪಕ್ಷ ಬಂದಾಗ ಹುಟ್ಟಿದ ಖೇದದಲ್ಲಿ, 24 ವಾದ್ಯಗಳಿಗೆ ಬರೆದ 'ಇನ್ ವೇನ್' ಎಂಬ ಕೃತಿಯಲ್ಲಿ ಎರಡು ಶ್ರುತಿವ್ಯವಸ್ಥೆಗಳನ್ನೇ ಎದುರೆದುರು ನಿಲ್ಲಿಸಿದ್ದಾನೆ. ಸಮವಿಭಾಗದ ಸ್ವರಗಳು ಕೊನೆಯಿಲ್ಲದೆ ಸುತ್ತಿ ಇಳಿಯುತ್ತಿರುತ್ತವೆ. ದೀಪಗಳೆಲ್ಲ ಆರಿ, ವಾದಕರು ನಿರ್ದೇಶಕನನ್ನೂ ಕಾಣದೆ ನೆನಪಿನಿಂದಲೇ ನುಡಿಸುವ ಗಾಢಾಂಧಕಾರದಲ್ಲಿ ಉಪಸ್ವರಗಳ ಮೇಳಗಳು ಬೆಳೆಯುತ್ತವೆ. ಕಡೆಗೆ ಮತ್ತೆ ಆ ಹಳೆಯ ಸುತ್ತೇ ಬರುತ್ತದೆ. ಶುದ್ಧಶ್ರುತಿಯನ್ನು ಸ್ವರ್ಗವೆಂದು ಸಾರುವ ಭಕ್ತರ ಉತ್ಸಾಹ ಹಾಸ್‌ಗೆ ಇಲ್ಲವೆಂಬುದೇ ನನಗೆ ಮೆಚ್ಚಿಗೆಯಾದದ್ದು.

ಇನ್ನು, ಎಲ್ಲವೂ ನಮ್ಮಲ್ಲಿಯೇ ಇತ್ತೆಂಬ ವಾದ. ಇದಕ್ಕೆ ಆಧಾರವೇ ಇಲ್ಲವೆನ್ನಲಾಗದು. ಕಿರಾಣಾ ಮನೆತನದ ಪಂಡಿತ್ ಪ್ರಾಣನಾಥರು 1970ರಲ್ಲಿ ಅಮೆರಿಕಕ್ಕೆ ಹೋದಾಗ ಲಾ ಮಾಂಟೆ ಯಂಗ್, ಟೆರಿ ರೈಲಿಯಂಥ ರಚನಕಾರರು ಅವರ ಶಿಷ್ಯರಾಗಿ ತಂಬೂರಿ ಹಿಡಿದು ಕೂತರು; ಅಬ್ದುಲ್ ಕರೀಂ ಖಾನರ ಮೂಲಕ ನಮ್ಮ ಧಾರವಾಡ ಸೀಮೆಗೆ ಬಂದು ಸವಾಯಿ ಗಂಧರ್ವರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಭೀಮಸೇನ ಜೋಶಿಯವರನ್ನೂ ಬೆಳೆಸಿದ ಮನೆತನವೇ ಅದು. ಆದರೆ ಯಂಗ್ ತನ್ನ ಪಿಯಾನೊದ ಶ್ರುತಿಯನ್ನು ಬದಲಿಸಿದ್ದು 1964ರಲ್ಲಿ, ಗುರುವನ್ನು ಕಾಣುವ ಆರು ವರ್ಷಗಳ ಮೊದಲೇ. ಮತ್ತು ಆ ಪಿಯಾನೊದ ಸ್ವರಗಳೆಲ್ಲ ಎರಡು, ಮೂರು, ಏಳು ಎಂಬ ಸಂಖ್ಯೆಗಳಿಂದ ಹುಟ್ಟಿದವಾಗಿದ್ದು, ಐದರಿಂದ ಹುಟ್ಟುವ, ಪ್ರತಿಯೊಂದು ತಂಬೂರಿಯೂ ಹಾಡುವ ಸ್ವಯಂಭೂ ಗಾಂಧಾರಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಇದಕ್ಕಿಂತ ಮುಖ್ಯವಾದ ಭೇದವೂ ಒಂದುಂಟು. ನಮ್ಮ ಸಂಗೀತದಲ್ಲಿ ಒಂದು ಆಧಾರಷಡ್ಜ ನಿಂತಿದೆ. ಎಲ್ಲ ಸ್ವರಗಳೂ ಅದೊಂದಕ್ಕೇ ಉತ್ತರ ಹೇಳಿದರಾಯಿತು. ಗ್ರಿಸೆ, ಜಾನ್‌ಸ್ಟನ್ನರ ಮೇಳಗಳಲ್ಲಿ ಏಕಕಾಲದಲ್ಲಿ ನುಡಿಯುವ ನಾಲ್ಕು, ಆರು ಸ್ವರಗಳು ತಮ್ಮತಮ್ಮೊಳಗೆ ಉತ್ತರ ಹೇಳಿಕೊಳ್ಳಬೇಕು, ಮತ್ತು ಆಧಾರವೇ ಕ್ಷಣಕ್ಷಣಕ್ಕೂ ಸರಿಯುತ್ತಿರುತ್ತದೆ. ಈ ಕಷ್ಟವನ್ನು ನಮ್ಮವರು ಎದುರಿಸಿರಲಿಲ್ಲ, ಎದುರಿಸಬೇಕಾಗಿಯೂ ಇರಲಿಲ್ಲ. ನಮ್ಮ ಕಿವಿಗೆ ಆ ಸಂಗೀತವನ್ನು ಕೇಳುವ ಅರ್ಧ ಸಿದ್ಧತೆ ಇದೆಯೆಂಬುದಷ್ಟೇ ನಿಜವಾದ ಹೆಮ್ಮೆ.

ಆ ಸಿದ್ಧತೆಯನ್ನು ನಾವು ಹೇಗೆ ಬಳಸಿಕೊಳ್ಳುತ್ತಿದ್ದೇವೆಂಬುದನ್ನು ನೋಡಬೇಕಾದರೆ, ಬೆಂಗಳೂರು ಮೈಸೂರುಗಳಲ್ಲಿ ಫ್ಯೂಷನ್ ಎಂಬ ಹೆಸರಿನಿಂದ ನಡೆಯುವ ಕಛೇರಿಗಳಿಗೆ ಹೋಗಬಹುದು. ವೀಣೆ, ಪಿಟೀಲು, ಕೊಳಲುಗಳ ಪಕ್ಕದಲ್ಲಿ ವಿದ್ಯುತ್ ಕೀಬೋರ್ಡೊಂದು ಇರುತ್ತದೆ. ಅದರ ಸ್ವರಮೇಳದ ಗಾಂಧಾರ ತಂಬೂರಿಯ ಗಾಂಧಾರದೊಡನೆ ಘರ್ಷಿಸಿದಾಗ, ವಾದಕರು ಮಣಿಯುತ್ತಾರೆ, ಇಲ್ಲವೆ ಧ್ವನಿವರ್ಧಕದ ಅಬ್ಬರದಲ್ಲಿ ತಂಬೂರಿಯೇ ಮುಳುಗಿಹೋಗುತ್ತದೆ. ಪಿಯಾನೊದ ನಾಲ್ಕು ಸ್ವರ ಇಳಿಸುವುದಕ್ಕೆ ಗ್ರಿಸೆಯ ವಾದಕರು ಪಡುವ ಪಾಡು ಇಲ್ಲಿ ಯಾರಿಗೂ ಬೇಕಾಗಿಲ್ಲ. ಇಂದಿನ ಅನೇಕ ಕೀಬೋರ್ಡುಗಳಲ್ಲಿ ಒಂದೊಂದು ಸ್ವರವನ್ನೂ ಸೆಂಟ್ ಲೆಕ್ಕದಲ್ಲಿ ಏರಿಸಿ ಇಳಿಸುವ ಸೌಕರ್ಯ ಯಂತ್ರದೊಳಗೇ ಇದೆ, ಕೆಲವು ಗುಂಡಿಗಳನ್ನು ಒತ್ತಿದರಾಯಿತು. ಹಾಗೆ ಮಾಡಿದರೆ ಒಂದು ಷಡ್ಜಕ್ಕೆ ಹೊಂದಿದ ಮೇಳಗಳು ಇನ್ನೊಂದರಲ್ಲಿ ಊಳಿಡುತ್ತವೆಂಬುದೂ, ಕೀಬೋರ್ಡ್ ವಾದಕರು ಈಗ ಧಾರಾಳವಾಗಿ ಹಾಕುತ್ತಿರುವ ಸ್ವರಮೇಳಗಳಲ್ಲಿ ಅರ್ಧದಷ್ಟನ್ನು ಕೈಬಿಡಬೇಕಾದೀತೆಂಬುದೂ ನನಗೆ ತಿಳಿಯದ ವಿಷಯವೇನಲ್ಲ. ಕೈಬಿಡಲಿ.